ಪಬ್ಬಿನ ಜಗಲಿಯಲ್ಲಿ ತುಂಬಿದ ಉಡಿ

ಸ್ಕೋಫೀಲ್ಡ್ಸ್, ಸಿಡ್ನಿ
22 ಏಪ್ರಿಲ್ 2024, ಸೋಮವಾರ

ಪ್ರೀತಿಯ ನೀಲಾ,

ಬೀಗತಿ ಎಂದು ಬರೆಯಲೋ, ನೀಲಾ ಎಂದೇ ಬರೆಯಲೋ ಎಂದು ಹತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಇದೊಂದು ಸಲ ನೀಲಾ ಇರಲಿ. ದೊಡ್ಡ ವಿಷಯವೇನಿದ್ದರೂ ಕಾಗದದಲ್ಲೇ ಎಂದು ಧಾರವಾಡದ ಹಾಸ್ಟೆಲ್ ಬಿಟ್ಟ ದಿನ ನಾವಿಬ್ಬರೂ ಕರಾರು ಮಾಡಿಕೊಂಡಿದ್ದೆವಲ್ಲ, ಇದಕ್ಕಿಂತ ದೊಡ್ಡದು ಇನ್ನೇನು ಬಂದೀತು ಹೇಳು.

ಶನಿವಾರ ಮನೆ ಮುಟ್ಟಿದಾಗ ನಮ್ಮವರಿಗೆ ಸೊಂಟ ಎತ್ತಲು ಆಗುತ್ತಿರಲಿಲ್ಲ. ಒಂದು ಊಟಕ್ಕಾಗಿ ಹೋಗಿ ಬಂದು ಒಂಬತ್ತು ತಾಸಿನ ದಾರಿ! "ಮೆಲ್ಬರ್ನ್‌ನೋರು ಅರ್ಧ ದಾರಿ ಬರ್ತಾರ, ನಾವು ಅರ್ಧ ದಾರಿ ಹೋಗೂದು, ಯಾರ ಮನ್ಯಾಗೂ ಬ್ಯಾಡ" ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ಸ್ವಲ್ಪ ಕಸಿವಿಸಿ ಆಗಿತ್ತು. ಹುಡುಗಿ ನೋಡುವ ಶಾಸ್ತ್ರವನ್ನು ಪಬ್ಬಿನಲ್ಲಿ ಮಾಡಿದರು ಎಂದು ಊರಲ್ಲಿ ಗೊತ್ತಾದರೆ ನಮ್ಮತ್ತೆ ಅಲ್ಲಿಂದಲೇ ಬಯ್ಯುತ್ತಾರೆ. ಆದರೆ ನೀನು ಹೇಳಿದ್ದು ಸರಿಯೇ ಇತ್ತು. ಒಪ್ಪದಿದ್ದರೆ ಒಬ್ಬರ ಮನೆಯ ಅನ್ನ ಇನ್ನೊಬ್ಬರ ಹೊಟ್ಟೆಯಲ್ಲಿ ಮುಳ್ಳಾಗಿ ಉಳಿಯಬಾರದು.

ಎಷ್ಟು ಚೆಂದದ ಜಾಗ ಹುಡುಕಿದ್ದೆ. ಬಾಗಿಲ ಮೇಲೆ 1854 ಎಂದು ಕೆತ್ತಿದ ಆ ದಪ್ಪ ಕಲ್ಲಿನ ಗೋಡೆ, ಒಲೆಯಲ್ಲಿ ಉರಿಯುತ್ತಿದ್ದ ಕೊರಡು, ಹಿಂದೆ ಹಳದಿ ತಿರುಗಿದ ಪಾಪ್ಲರ್ ಗಿಡ. ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ನಾನು ಮೂರು ಸಲ ಕೇಳಿದ್ದಕ್ಕೆ ನಮ್ಮ ನಿಹಾರಿಕಾ ಕಾಲು ತುಳಿದಳು. ಕುಂಬಳಕಾಯಿ ಸೂಪು ಕುಡಿದು ಎದ್ದೆ. ನಿನ್ನ ಯಜಮಾನರು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದದ್ದೊಂದು ಕೊರತೆ.

ಊಟದ ಮೇಲೆ ಮಕ್ಕಳಿಬ್ಬರೂ ಹಳೆಯ ಮರದ ಸೇತುವೆ ನೋಡಲು ಹೋದರಲ್ಲ, ಆಗ ನಾನು ಎಷ್ಟು ಸಲ ಕಿಟಕಿಗೆ ಹೋಗಿ ಬಂದೆ ಗೊತ್ತೇ? ನಿಹಾರಿಕಾಗೆ ಇಪ್ಪತ್ತೆಂಟು. ಮೂರು ವರ್ಷದಿಂದ ಯಾವ ಹುಡುಗನ ಮಾತೆತ್ತಿದರೂ ಎದ್ದು ಹೋಗುತ್ತಿದ್ದಳು. ಅವಳು ನಿನ್ನ ಸುಘೋಷ್ ಜೊತೆ ನಗುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದದ್ದನ್ನು ನೋಡಿದೆ. ನನಗೆ ಅಷ್ಟು ಸಾಕಾಯಿತು.

ಆಮೇಲೆ ನೀನು ಕಾರಿನ ಡಿಕ್ಕಿಯಿಂದ ಆ ಸ್ಟೀಲ್ ಡಬ್ಬಿ ತಂದೆ. ಫೋನಿನಲ್ಲಿ ಪೂರ್ವ ದಿಕ್ಕು ಯಾವುದೆಂದು ನೋಡಿ, ಜಗಲಿಯ ಬೆಂಚನ್ನು ತಿರುಗಿಸಿ ಅವಳನ್ನು ಕೂರಿಸಿದೆ. ಜೀನ್ಸ್ ಹಾಕಿದವಳಿಗೆ ಉಡಿ ಎಲ್ಲಿಂದ ಬರಬೇಕು, ನನ್ನ ಶಾಲನ್ನೇ ಮಡಿಲಲ್ಲಿ ಹಾಸಿದೆವು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಬೇರು, ಗುಳೇದಗುಡ್ಡದ ಖಣ, ಇಳಕಲ್ ಸೀರೆ. ಒಂದಿಷ್ಟು ಕಾಳು ಹಲಗೆಯ ಸಂದಿಗೆ ಬಿದ್ದವು. ಪಬ್ಬಿನಾಕೆ ಬಂದು "ಬರ್ತ್‌ಡೇನಾ?" ಎಂದು ಕೇಳಿದಾಗ ನೀನು ಯೆಸ್ ಎಂದುಬಿಟ್ಟೆ. ಆಕೆ ಕೇಕಿನ ಮೇಲೊಂದು ಮೇಣದಬತ್ತಿ ಹಚ್ಚಿ ತಂದಳು, ಇವಳು ಊದಿಯೂ ಬಿಟ್ಟಳು. ಒಳ್ಳೆಯ ಹೊತ್ತಲ್ಲಿ ದೀಪ ಆರಿಸಿದಳಲ್ಲ ಎಂದು ನನಗೆ ಚುರುಕ್ ಎಂದಿತು. ಹೋಗಲಿ ಬಿಡು, ಅದು ದೀಪವಲ್ಲ, ಕೇಕಿನ ಬತ್ತಿ.

ದಾರಿಯುದ್ದಕ್ಕೂ ಅಳುತ್ತ ಬಂದೆ. ಮೂವತ್ತೈದು ವರ್ಷದ ಗೆಳೆತನ ಇನ್ನು ನೆಂಟಸ್ತನ. ನಿಶ್ಚಿತಾರ್ಥ ನವೆಂಬರಿನಲ್ಲಿ ಇಟ್ಟುಕೊಂಡರೆ ಹೇಗೆ? ಬೇಗ ಬರೆ.

ನಿನ್ನ
ಸಂಧ್ಯಾರಾಣಿ


ಪಾಯಿಂಟ್ ಕುಕ್, ಮೆಲ್ಬರ್ನ್
9 ಮೇ 2024

ಪ್ರೀತಿಯ ಸಂಧ್ಯಾ,

ತಡವಾಯಿತು. ಬಂದ ಮೇಲೆ ಜ್ವರ ಹಿಡಿಯಿತು, ಆಮೇಲೆ ಕೆಮ್ಮು. ಇಲ್ಲಿ ಆಗಲೇ ಚಳಿ ಶುರು. ಸುಘೋಷ್‌ಗೂ ಆಫೀಸಿನಲ್ಲಿ ಕೆಲಸ ಬಹಳ, ಮನೆಗೆ ಬಾರದೆ ಎರಡು ವಾರವಾಯಿತು.

ಫೋಟೋಗಳು ಚೆನ್ನಾಗಿ ಬಂದಿವೆ. ಆ ಒಲೆಯ ಮುಂದೆ ನೀನು ಕೈ ಕಾಯಿಸುತ್ತ ನಿಂತದ್ದನ್ನು ನೋಡಿದರೆ ಹಾಸ್ಟೆಲಿನ ಬಚ್ಚಲೊಲೆ ನೆನಪಾಗುತ್ತದೆ. ಆಗಲೂ ನೀನು ಎಲ್ಲರಿಗಿಂತ ಮೊದಲು ಹೋಗಿ ಜಾಗ ಹಿಡಿಯುತ್ತಿದ್ದೆ.

ನಿಹಾರಿಕಾ ಬಹಳ ಒಳ್ಳೆಯ ಹುಡುಗಿ. ಎಲ್ಲಿಗೆ ಹೋದರೂ ಆ ಮನೆಯವರ ಪುಣ್ಯ. ನವೆಂಬರ್ ಅಂತ ಈಗಲೇ ಯಾಕೆ ಗಟ್ಟಿ ಮಾಡುವುದು, ಅವಸರ ಬೇಡ. ಊರಿಗೂ ಈಗಲೇ ತಿಳಿಸಬೇಡ. ನಮ್ಮವರ ಮೊಣಕಾಲಿನ ಆಪರೇಷನ್ ಒಂದು ಆಗಿಹೋಗಲಿ.

ಫೋನ್ ಮಾಡಿದಾಗ ಎತ್ತಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಗಂಟಲು ಕಟ್ಟಿತ್ತು.

ನಿನ್ನ
ನೀಲಾ


ಸ್ಕೋಫೀಲ್ಡ್ಸ್
15 ಮೇ 2024

ಪ್ರೀತಿಯ ನೀಲಾ,

ನಿನ್ನ ಕಾಗದ ಮೂರು ಸಲ ಓದಿದೆ. ಉಡಿಯ ಬಗ್ಗೆ ಒಂದು ಮಾತೂ ಇಲ್ಲ. ಯಾಕೆಂದು ನನಗೆ ಹೊಳೆಯಿತು. ನೀನು ಬಾಯಿ ಬಿಟ್ಟು ಹೇಳದಿದ್ದರೂ ನಾನೇ ಹೇಳಿಬಿಡುತ್ತೇನೆ: ನಮ್ಮವರು ಕುಡಿದ ಆ ಬಿಯರ್.

ಬಸವಣ್ಣನ ಆಣೆ ನೀಲಾ, ಅವರು ಕುಡಿಯುವವರಲ್ಲ. ಕೌಂಟರಿನಲ್ಲಿ ಆಕೆ ಏನು ಬೇಕೆಂದು ಕೇಳಿದಾಗ ಗಾಬರಿಯಾಗಿ, ಮುಂದೆ ನಿಂತಿದ್ದವನು ಏನು ತಗೊಂಡನೋ ಅದೇ ಎಂದುಬಿಟ್ಟರಂತೆ. ಕೈಗೆ ಬಂದ ಮೇಲೆ ಚೆಲ್ಲಲು ಸಂಕೋಚ. "ಏನ್ ಮಾಡ್ಲಿ, ಪಬ್ಬಿಗೆ ಬಂದು ನೀರು ಕೇಳಿದ್ರ ನಕ್ಕಾರು ಅಂತ ಕುಡದೆ" ಎನ್ನುತ್ತಾರೆ. ಅರ್ಧ ಗ್ಲಾಸು ಹಾಗೇ ಬಿಟ್ಟಿದ್ದರು, ನೀನೂ ನೋಡಿದ್ದೀ. ಕುಡುಕರ ಮನೆಯ ಹೆಣ್ಣು ತರಬೇಕೇ ಎಂದು ನಿನ್ನ ಯಜಮಾನರು ಅಂದಿದ್ದರೆ ನಮ್ಮ ಯಜಮಾನರು ಗುರುಬಸವ ಅವರೇ ಬಂದು ಕ್ಷಮೆ ಕೇಳಲು ಸಿದ್ಧರಿದ್ದಾರೆ. ಅದೊಂದು ತಪ್ಪನ್ನು ಹುಡುಗಿಯ ತಲೆಗೆ ಕಟ್ಟಬೇಡಿ.

ಊರಿಗೆ ತಿಳಿಸಬೇಡ ಎಂದಿದ್ದೀ. ಉಡಿ ತುಂಬಿದ ಮರುದಿನವೇ ತಿಳಿಸಿಯಾಗಿದೆ. ನಮ್ಮತ್ತೆ ಓಣಿಗೆಲ್ಲ ಸಕ್ಕರೆ ಹಂಚಿದ್ದಾರೆ.

ಇನ್ನೊಂದು ಮಾತು. ಕಳೆದ ಭಾನುವಾರ ಜಯಲಕ್ಷ್ಮಿ ಎಂಬವರು ಫೋನ್ ಮಾಡಿದ್ದರು. ಬೆಂಗಳೂರಿನ ಕಡೆಯವರು. ಅವರ ಮಗ ರಾಘವ್ ಮ್ಯಾಕ್ವೆರಿ ಪಾರ್ಕಿನಲ್ಲಿ ನಿಹಾರಿಕಾಳ ಆಫೀಸಿನಲ್ಲೇ ಇದ್ದಾನೆ. "ನಮ್ ಹುಡುಗಂಗೆ ನಿಮ್ ಹುಡುಗೀನ ಕೇಳೋಣ ಅಂತಿದೀವಿ, ಅವರಿಬ್ಬರೂ ಒಬ್ಬರಿಗೊಬ್ಬರು ಚೆನ್ನಾಗ್ ಗೊತ್ತಲ್ವಾ" ಎಂದರು. ಒಂದೇ ಆಫೀಸು, ಗೊತ್ತಿರದೆ ಏನು! ಅವಳ ಉಡಿ ಆಗಲೇ ತುಂಬಿದ್ದಾರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎಂಗೇಜ್‌ಮೆಂಟ್ ಆದ ಹಾಗೆ ಎಂದು ಬಿಡಿಸಿ ಹೇಳಿದೆ. "ಯಾವಾಗ?" ಎಂದರು. ಏಪ್ರಿಲ್ ಇಪ್ಪತ್ತು ಎಂದೆ. ಅವರು "ಸರಿ ಆಂಟಿ" ಎಂದು ಫೋನ್ ಇಟ್ಟರು. ನನ್ನ ವಯಸ್ಸಿನವರು ನನ್ನನ್ನು ಆಂಟಿ ಎಂದದ್ದಕ್ಕೆ ನಗು ಬಂತು. ನಿಹಾರಿಕಾಗೆ ಇದನ್ನೆಲ್ಲ ಹೇಳಲಿಲ್ಲ. ಬೇರೆ ಸಂಬಂಧದ ಮಾತು ಅವಳ ಕಿವಿಗೆ ಯಾಕೆ ಹಾಕಬೇಕು.

ಅವಳು ಈಗೀಗ ಊಟ ಮುಗಿಸಿದ ಕೂಡಲೇ ಕೋಣೆ ಸೇರುತ್ತಾಳೆ. ಒಂದೆರಡು ಸಲ "ಅಮ್ಮಾ, ನೀಲಾ ಆಂಟಿ ಏನಾದ್ರೂ ಬರೆದ್ರಾ?" ಎಂದು ಕೇಳಿದಳು. ಇಷ್ಟು ವರ್ಷ ನನ್ನ ಕಾಗದಗಳನ್ನು ಕಂಡು ನಗುತ್ತಿದ್ದವಳು ಈಗ ಪೋಸ್ಟ್ ಡಬ್ಬಿ ತೆರೆದು ನೋಡುತ್ತಾಳೆ. ನೀನೇ ಅರ್ಥ ಮಾಡಿಕೋ.

ಸಂಧ್ಯಾ


ಪಾಯಿಂಟ್ ಕುಕ್
30 ಮೇ 2024

ಸಂಧ್ಯಾ,

ಬಿಯರಿನ ವಿಷಯ ಅಲ್ಲವೇ ಅಲ್ಲ. ಗುರುಬಸವ ಅವರು ದೇವರಂಥ ಮನುಷ್ಯ, ಅವರಿಂದ ಕ್ಷಮೆ ಕೇಳಿಸಬೇಡ. ನನಗೆ ಪಾಪ ಹತ್ತುತ್ತದೆ.

ಆ ಬೆಂಗಳೂರಿನವರಿಗೆ ಅಷ್ಟು ಗಡಬಡಿಸಿ ಬೇಡ ಎನ್ನಬಾರದಿತ್ತು. ಹೆಣ್ಣು ಹೆತ್ತವರು ನಾಲ್ಕು ಕಡೆ ನೋಡುವುದು ತಪ್ಪಲ್ಲ. ನಮಗಾಗಿ ಕಾಯುತ್ತ ಕೂರಬೇಡಿ. ಸುಘೋಷ್‌ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಕ್ರಿಸ್ಮಸ್ ಕಳೆಯಲಿ, ನೋಡೋಣ.

ಹೆಚ್ಚು ಬರೆಯಲು ಆಗುತ್ತಿಲ್ಲ.

ನೀಲಾ


ಸ್ಕೋಫೀಲ್ಡ್ಸ್
17 ಜೂನ್ 2024

ನೀಲಾಂಬಿಕಾ,

ನಿನ್ನ ಮೇ 30ರ ಕಾಗದ ಬಂದ ದಿನ ಕೋಪದಿಂದ ನಾಲ್ಕು ಪುಟ ಬರೆದೆ. 'ನಾಲ್ಕು ಕಡೆ ನೋಡಿ' ಎಂದು ಉಡಿ ತುಂಬಿದ ಕೈಯಿಂದಲೇ ಬರೆಯುತ್ತೀಯಲ್ಲ ಎಂದು ಬರೆದಿದ್ದೆ. ಅದನ್ನು ಹರಿದು ಹಾಕಿದ್ದೇನೆ. ಅದಕ್ಕಿಂತ ದೊಡ್ಡದು ನಡೆದುಹೋಗಿದೆ.

ಹೋದ ಶುಕ್ರವಾರ ನಿಹಾರಿಕಾ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಸಹ ಬಿಡಲಿಲ್ಲ. "ವಾಟ್ ಡಿಡ್ ಯೂ ಟೆಲ್ ರಾಘವ್ಸ್ ಮಮ್?" ಎಂದಳು. ಇದ್ದದ್ದು ಇದ್ದಂತೆ ಹೇಳಿದೆ. ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಮೂರು ವರ್ಷದಿಂದ ಅವಳೂ ರಾಘವನೂ ಮದುವೆಯಾಗಬೇಕು ಎಂದುಕೊಂಡಿದ್ದರಂತೆ. ನಮ್ಮ ಪೈಕಿ ಅಲ್ಲ ಎಂದು ನಾನು ಕುಣಿಯುತ್ತೇನೆಂದು ಹೆದರಿ ಹೇಳಿರಲಿಲ್ಲವಂತೆ. ಪಬ್ಬಿಗೆ ಹೋದದ್ದನ್ನು ಅವನಿಗೆ ಅಮ್ಮನ ಗೆಳತಿಯ ಜೊತೆ ಊಟ ಎಂದಷ್ಟೇ ಹೇಳಿದ್ದಳಂತೆ. ಅವನ ತಾಯಿ ಒಂದು ತಿಂಗಳು ಮುಚ್ಚಿಟ್ಟು ಹೋದ ವಾರವಷ್ಟೇ ಅವನಿಗೆ ಹೇಳಿದರಂತೆ, ಈಗ ಅವನು ಕೇಳುತ್ತಿದ್ದಾನೆ: ಏಪ್ರಿಲ್‌ನಲ್ಲಿ ಎಂಗೇಜ್‌ಮೆಂಟ್ ಮಾಡಿಕೊಂಡು ಮೇ ತಿಂಗಳೆಲ್ಲ ನನ್ನ ಜೊತೆ ಓಡಾಡಿದೆಯಾ? ಇವಳು ಎಂಗೇಜ್‌ಮೆಂಟ್ ಅಲ್ಲ ಎನ್ನುತ್ತಾಳೆ. ಅವನ ತಾಯಿ, ಹುಡುಗಿಯ ಅಮ್ಮನೇ ತಾರೀಖು ಹೇಳಿದರು ಎನ್ನುತ್ತಾರೆ. ಯಾರನ್ನು ನಂಬಬೇಕು ಅವನು?

"ಉಡಿ ತುಂಬಿಸಿಕೊಂಡಿದ್ದು ಮತ್ತೇನು?" ಎಂದು ನಾನೇ ಕೂಗಿದೆ. "ಐ ಥಾಟ್ ಇಟ್ ವಾಸ್ ಅ ಗಿಫ್ಟ್. ಅಕ್ಕಿ, ಕೊಕೊನಟ್! ನೀನು ಗೌರಿ ಹಬ್ಬಕ್ಕೆ ಎಲ್ಲಾ ಆಂಟಿಯರಿಗೂ ಕೊಡ್ತೀಯಲ್ಲ!" ಎಂದಳು. ಹೌದು, ಕೊಡುತ್ತೇನೆ. ಮುತ್ತೈದೆಯ ಉಡಿ ಬೇರೆ, ಮದುವೆಯಾಗದ ಹುಡುಗಿಯ ಉಡಿಯನ್ನು ಹುಡುಗನ ತಾಯಿ ತುಂಬುವುದು ಬೇರೆ ಎಂದು ನಾನು ಅವಳಿಗೆ ಯಾವತ್ತು ಹೇಳಿಕೊಟ್ಟೆ? ಕಾರಿನಲ್ಲಿ ನಾನು ನಿಶ್ಚಿತಾರ್ಥದ ಮಾತೆತ್ತಿ ಅಳತೊಡಗಿದ ಮೇಲೇ ಅವಳಿಗೆ ಅದರ ಅರ್ಥ ತಿಳಿದದ್ದು. ಅಳುವವಳಿಗೆ ಹೇಗೆ ಹೇಳಲಿ ಎಂದು ಸುಮ್ಮನಾದಳಂತೆ.

ಇನ್ನು ಸೇತುವೆಯ ಮಾತು ಕೇಳು. ಅಲ್ಲಿ ಸುಘೋಷ್, ತನಗೆ ನಾಲ್ಕು ವರ್ಷದಿಂದ ಒಬ್ಬ ಹುಡುಗಿ ಇದ್ದಾಳೆ, ಅಮ್ಮನ ಕಾಟಕ್ಕೆ ಬಂದೆ ಎಂದನಂತೆ. ಇವಳು ತನಗೂ ಒಬ್ಬನಿದ್ದಾನೆ ಎಂದಳಂತೆ. ನಾಲ್ಕೂವರೆ ತಾಸು ಕಾರು ಓಡಿಸಿ ಬಂದು ಕುಂಬಳಕಾಯಿ ಸೂಪು ಕುಡಿದ ನಮ್ಮನ್ನು ನೆನೆದು ಇಬ್ಬರಿಗೂ ನಗು ತಡೆಯಲಾಗಲಿಲ್ಲವಂತೆ. ಆ ನಗುವನ್ನು ನೋಡಿ ನಾನು ದೇವರಿಗೆ ಕೈ ಮುಗಿದಿದ್ದೆ.

ನಿನ್ನ ಮಗ ಅವಳಿಗೆ ಮಾತು ಕೊಟ್ಟಿದ್ದನಂತೆ: ಇವತ್ತೇ ನಮ್ಮಮ್ಮನಿಗೆ ಹೇಳಿಬಿಡುತ್ತೇನೆ, ಬೇಡ ಎನ್ನುವ ಮಾತು ನಮ್ಮ ಕಡೆಯಿಂದಲೇ ಬರುತ್ತದೆ, ನಿನ್ನ ಮೇಲೆ ಮಾತು ಬರುವುದಿಲ್ಲ ಎಂದು. ಅದಕ್ಕೇ ಅವಳು ದಿನಾ ಪೋಸ್ಟ್ ಡಬ್ಬಿ ನೋಡುತ್ತಿದ್ದದ್ದು. ನಿನ್ನ ಒಂದು ಸಾಲಿಗಾಗಿ ಕಾಯುತ್ತಿದ್ದಳು.

ಅವಳು ಮನೆ ಬಿಟ್ಟು ಚಾಟ್ಸ್‌ವುಡ್‌ನಲ್ಲಿ ಯಾರೋ ಗೆಳತಿಯ ಜೊತೆ ಇದ್ದಾಳೆ. ನನ್ನ ಫೋನ್ ಎತ್ತುವುದಿಲ್ಲ. ನಮ್ಮವರಿಗೆ ಮಾತ್ರ ಒಂದೆರಡು ಮೆಸೇಜು.

ನಿನಗೆ ಒಂದೇ ಪ್ರಶ್ನೆ. ಕಾರ್ ಪಾರ್ಕಿನಲ್ಲಿ ನೀನೂ ಸುಘೋಷನೂ ನಿಂತು ಮಾತಾಡುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಡಬ್ಬಿ ಎತ್ತಿಕೊಡಲು ಅವನನ್ನು ಕರೆದಿದ್ದೀ ಎಂದುಕೊಂಡೆ. ಅವನು ನಿನಗೆ ಹೇಳಿದ್ದು ಉಡಿ ತುಂಬುವ ಮೊದಲೋ, ಆಮೇಲೋ?

ಆಮೇಲೆ ಎಂದು ಬರೆ. ನಾನು ನಂಬುತ್ತೇನೆ.

ಸಂಧ್ಯಾರಾಣಿ


ಪಾಯಿಂಟ್ ಕುಕ್
4 ಜುಲೈ 2024

ಸಂಧ್ಯಾ,

ಮೊದಲು.

ಈ ಒಂದು ಪದ ಬರೆಯಲು ಎರಡು ವಾರ ಹಿಡಿಯಿತು. ಫೋನಿನಲ್ಲಾಗಿದ್ದರೆ ಆಮೇಲೆ ಎಂದುಬಿಡುತ್ತಿದ್ದೆ. ಕಾಗದದಲ್ಲಿ ನನ್ನ ಸುಳ್ಳು ನಿನಗೆ ತಕ್ಷಣ ಗೊತ್ತಾಗುತ್ತದೆ.

ಡಿಕ್ಕಿ ತೆರೆದು ಡಬ್ಬಿಗೆ ಕೈ ಹಾಕಿದ್ದೆ. ಅವನು ಬಂದು "ಅಮ್ಮಾ, ಬೇಡ. ಐ ಲಿವ್ ವಿತ್ ಸಮ್‌ಒನ್. ನಿಹಾರಿಕಾಗೆ ಹೇಳಿದೀನಿ, ಶೀ ಈಸ್ ಓಕೆ" ಎಂದ. ಆ ಹುಡುಗಿಯ ಹೆಸರನ್ನೂ ಹೇಳಿದ. ಗ್ರೀಕರ ಪೈಕಿ. ಎರಡು ವಾರಕ್ಕೊಮ್ಮೆ ಮನೆಗೆ ಬಂದು ನನ್ನ ಕೈಯ ರೊಟ್ಟಿ ಉಂಡು ಹೋಗುವವನು ನಾಲ್ಕು ವರ್ಷದಿಂದ ಬೇರೆ ಸಂಸಾರ ಮಾಡುತ್ತಿದ್ದ. ಆಫೀಸಿಗೆ ಹತ್ತಿರ ಅಂತ ರೆಂಟ್‌ಗೆ ಇದ್ದೇನೆ ಎಂದದ್ದನ್ನು ನಾನು ನಂಬಿದ್ದೆ.

ಆಗ ನಾನೇನು ಮಾಡಬೇಕಿತ್ತು ಎಂದು ನನಗೂ ಗೊತ್ತು. ಡಿಕ್ಕಿ ಮುಚ್ಚಬೇಕಿತ್ತು. ಆದರೆ ಆ ಅಕ್ಕಿಯನ್ನು ಹಿಂದಿನ ದಿನ ಒಂದೊಂದು ಕಾಳು ನೋಡಿ ಆರಿಸಿದ್ದೆ. ಆ ಖಣ ನಮ್ಮವ್ವ ಸಾಯುವ ಮೊದಲು ಸೊಸೆಗೆಂದು ಕೊಟ್ಟದ್ದು. ತುಂಬಲು ತಂದ ಉಡಿಯನ್ನು ಮರಳಿ ಮನೆಗೆ ಒಯ್ಯುವುದು ನನ್ನ ಕೈಲಾಗಲಿಲ್ಲ. ಎಲ್ಲರೆದುರು ತುಂಬಿಬಿಟ್ಟರೆ ಇವನು ಮೆತ್ತಗಾದಾನು, ನಿನ್ನ ಮರ್ಯಾದೆಗಾದರೂ ಹೆದರಿ ಒಪ್ಪಿಯಾನು ಎಂದುಕೊಂಡೆ. ಅವನು ನನ್ನ ಕೈ ಹಿಡಿದ. ಕೊಸರಿಕೊಂಡು ಬಂದೆ.

ನಿನಗೆ ಎಲ್ಲವನ್ನೂ ಹೇಳುತ್ತೇನೆ. ಪಬ್ಬಿನಾಕೆ ಬರ್ತ್‌ಡೇನಾ ಎಂದಾಗ ನಾನು ಯೆಸ್ ಎಂದದ್ದು ತಮಾಷೆಗಲ್ಲ. ನಾಳೆ ಕೆಟ್ಟರೆ, ಅದು ಬರೀ ಒಂದು ಉಡುಗೊರೆಯಾಗಿತ್ತು ಎನ್ನಲು ಒಂದು ದಾರಿ ಇರಲಿ ಎಂದು ಆ ಹೊತ್ತಿನಲ್ಲೇ ಯೋಚಿಸಿದ್ದೆ. ನಾನು ಇಂಥವಳು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಇದರೊಂದಿಗೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ. ಬರೆದ ದಿನ ಆಂಜಾಕ್ ರಜೆ, ಪೋಸ್ಟ್ ಆಫೀಸ್ ಇರಲಿಲ್ಲ. ಮರುದಿನ ಹಾಕಲು ಹೊರಟವಳಿಗೆ ಬಾಗಿಲಲ್ಲೇ ನಿನ್ನ ಕಾಗದ ಸಿಕ್ಕಿತು. ಅಷ್ಟು ಸಂತೋಷದ ಕಾಗದವನ್ನು ನೀನು ನನಗೆ ಯಾವತ್ತೂ ಬರೆದಿರಲಿಲ್ಲ. ಇದನ್ನು ಕೈಚೀಲದಲ್ಲಿ ಇಟ್ಟುಕೊಂಡೆ.

ಒಂದು ಮಾತು ಕೇಳುತ್ತೇನೆ, ಬಯ್ಯಿ. ನಾನು ಸುಳ್ಳುಗಾರ್ತಿ, ಒಪ್ಪಿದೆ. ನೀನಾದರೂ ಮನೆಯಲ್ಲೇ ಇದ್ದ ಮಗಳನ್ನು ಒಂದು ದಿನ ಕೂರಿಸಿಕೊಂಡು ನಿನಗೆ ಇವನು ಒಪ್ಪಿಗೆಯೇ ಎಂದು ಯಾಕೆ ಕೇಳಲಿಲ್ಲ? ಸೇತುವೆಯ ಮೇಲಿನ ನಗುವನ್ನು ಅಷ್ಟು ದೂರದಿಂದ ಓದಿದವಳಿಗೆ ಎದುರಿಗಿದ್ದ ಮುಖ ಕಾಣಲಿಲ್ಲವೇ?

ರಾಘವನಿಗೂ ಅವನ ತಾಯಿಗೂ ನಾನೇ ಬರೆಯುತ್ತೇನೆ. ತಪ್ಪು ನನ್ನದೇ ಎಂದು ಕೈಯಾರೆ ಬರೆದು ಕೊಡುತ್ತೇನೆ. ವಿಳಾಸ ಕಳಿಸು.

ನೀಲಾ

(ಜೊತೆಗಿದ್ದ ಕಾಗದ)

25 ಏಪ್ರಿಲ್ 2024

ಸಂಧ್ಯಾ, ಮೊನ್ನೆ ನಾನು ಮಾಡಿದ್ದನ್ನು ಮರೆತುಬಿಡು. ಸುಘೋಷ್‌ಗೆ ಬೇರೆ ಹುಡುಗಿ ಇದ್ದಾಳೆ. ನಿಹಾರಿಕಾಗೂ ಯಾರೋ ಇದ್ದಾರಂತೆ, ಅವನೇ ಹೇಳಿದ. ಅವಳನ್ನು ಬಯ್ಯದೆ ಕೇಳು. ಯಾರಿಗೂ ಏನೂ ಹೇಳುವ ಮೊದಲು ಅವಳನ್ನು ಕೇಳು.


ಸ್ಕೋಫೀಲ್ಡ್ಸ್
22 ಜುಲೈ 2024

ನೀಲಾಂಬಿಕಾ ಅವರಿಗೆ,

ನಿಮ್ಮ ಎರಡೂ ಕಾಗದ ತಲುಪಿದವು. ಚಿಕ್ಕದನ್ನು ಎಷ್ಟು ಸಲ ಓದಿದೆನೆಂದು ಲೆಕ್ಕ ಇಟ್ಟಿಲ್ಲ. ಐದು ಸಾಲು. ಏಪ್ರಿಲ್‌ನಲ್ಲಿ ಬಂದಿದ್ದರೆ ನಾಲ್ಕು ದಿನ ಅತ್ತು, ಎದ್ದು, ಜಯಲಕ್ಷ್ಮಿ ಅವರ ಫೋನಿಗೆ ಬನ್ನಿ ಎಂದಿರುತ್ತಿದ್ದೆ. ನಮ್ಮ ಪೈಕಿ ಅಲ್ಲ ಎಂದು ಕುಣಿದೂ ಇರುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಕುಣಿದು ಕೊನೆಗೆ ಒಪ್ಪುತ್ತಿದ್ದೆ.

ವಿಳಾಸ ಕಳಿಸುತ್ತಿಲ್ಲ. ರಾಘವ್ ಬ್ರಿಸ್ಬೇನಿಗೆ ವರ್ಗ ಮಾಡಿಸಿಕೊಂಡು ಹೋದ. ನೀವು ಬರೆಯುವುದನ್ನು ಇವಳು ಬೇಡ ಎಂದಿದ್ದಾಳೆ. "ಮೂರು ವರ್ಷ ಜೊತೆಗಿದ್ದೋನಿಗೆ ನನ್ನ ಮಾತು ಸಾಲದೆ ಇನ್ನೊಬ್ಬ ಆಂಟಿಯ ಲೆಟರ್ ಬೇಕಾ?" ಎಂದಳು.

ಹೋದ ಶನಿವಾರ ಉಳಿದ ಬಟ್ಟೆ ಒಯ್ಯಲು ಬಂದಿದ್ದಳು. ಒಳಗೆ ಬಾ ಎಂದರೆ ಬಂದಳು, ಕೂತುಕೋ ಎಂದರೆ ಕೂರಲಿಲ್ಲ. ರೊಟ್ಟಿ ಮಾಡಿದ್ದೆ. ಹಸಿವಿಲ್ಲ ಎಂದಳು. ಹೋಗುವಾಗ ನಮ್ಮವರ ಕೈ ಹಿಡಿದು ನಿಂತಳು, ನನ್ನ ಕಡೆ ತಲೆ ಅಲ್ಲಾಡಿಸಿದಳು. ನೆರೆಮನೆಯವರಿಗೆ ಮಾಡುವ ಹಾಗೆ.

ನಿಮ್ಮ ವಸ್ತುಗಳನ್ನು ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಇಳಕಲ್ ಸೀರೆ, ನಿಮ್ಮ ತಾಯಿಯ ಖಣ, ಅರಿಷಿಣ ಬೇರು, ಉತ್ತತ್ತಿ. ಖಣ ನಿಮ್ಮ ಸೊಸೆಗೆ ಸೇರಬೇಕಾದದ್ದು, ಆಕೆಗೇ ಕೊಡಿ. ತೆಂಗಿನಕಾಯಿ ಮನೆದೇವರಿಗೆ ಒಡೆದಾಗಿತ್ತು. ಅಕ್ಕಿಯನ್ನೂ ಮರಳಿಸಲಾರೆ. ಉಡಿ ಅಕ್ಕಿಯನ್ನು ಹುಳ ಬೀಳುವವರೆಗೆ ಇಡಬಾರದು, ಹೊರಗಿನವರಿಗೂ ಕೊಡಬಾರದು ಎಂದು ಮರುದಿನ ಭಾನುವಾರವೇ ಅನ್ನ ಮಾಡಿದ್ದೆ.

ಮಗಳನ್ನು ಯಾಕೆ ಕೇಳಲಿಲ್ಲ ಎಂದು ಕೇಳಿದ್ದಿರಿ. ಅದಕ್ಕೆ ಉತ್ತರ ಕೊಟ್ಟು ಮುಗಿಸುತ್ತೇನೆ. ಆ ಭಾನುವಾರ ಮೂವರೂ ಕೂತು ಆ ಅನ್ನ ಉಂಡೆವು. ನಿಹಾರಿಕಾ ಎರಡು ತುತ್ತು ಉಂಡು ಕೈ ನಿಲ್ಲಿಸಿದಳು. "ಅಮ್ಮಾ, ನಿಂಗೊಂದು ಹೇಳ್ಬೇಕು" ಎಂದಳು. ಉಡಿ ಅಕ್ಕಿಯ ಅನ್ನ, ನಡುವೆ ಮಾತಾಡಬಾರದು, ಮೊದಲು ಉಣ್ಣು ಎಂದೆ. ಅವಳು ತಲೆ ತಗ್ಗಿಸಿ ತಾಟಿನಲ್ಲಿ ಒಂದು ಅಗುಳೂ ಉಳಿಸದೆ ಉಂಡು ಎದ್ದುಹೋದಳು.

ಸಂಧ್ಯಾರಾಣಿ